ನಮ್ಮ ನೀರಾವರಿಯೂ ನೀರು ಬಸಿಯುವ ದಾರಿಯೂ

ರಾಜ್ಯೋತ್ಸವದ ದಿನ ಕಾವೇರಿ, ಕೃಷ್ಣೆ, ತುಂಗಭದ್ರೆಯರನ್ನು ನೆನೆಯದ ಭಾಷಣವಿಲ್ಲ. ನೆನೆಯಬೇಕಾದುದೇ ಸರಿ. ಆದರೆ ನದಿಯನ್ನು ಹೊಗಳುವ ನಾವು ಅದರ ನೀರು ಹೊಲಕ್ಕೆ ಬಂದಮೇಲೆ ಏನಾಯಿತೆಂಬುದನ್ನು ವಿಚಾರಿಸುವುದು ಅಪರೂಪ. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಈ ವಿಚಾರಣೆಯನ್ನು ನಡೆಸಲು ಒಂದು ವಿಶೇಷವಾದ ಹಕ್ಕು ಉಂಟು. ಮಂಡ್ಯದ ಗದ್ದೆಗಳಿಗೆ ನೀರು ಹಂಚಿದ ಕ್ರಮದ ಮೊದಲ ಪಾಠ ನಡೆದುದು ಮಂಡ್ಯದಲ್ಲಲ್ಲ. ಇಲ್ಲಿ, ನಮ್ಮ ಪುಣೆ ಜಿಲ್ಲೆಯ ನೀರಾ ಕಾಲುವೆಯ ಬಯಲಿನಲ್ಲಿ.

ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಕಚೇರಿಯ ಕೆಲಸಕ್ಕೆಂದು ಬಂದವರುಂಟು, ಕಾರಖಾನೆಗೆಂದು ಬಂದವರುಂಟು, ಕಲಬುರ್ಗಿ, ಯಾದಗಿರಿ, ರಾಯಚೂರು, ವಿಜಯಪುರದ ಕಡೆಯಿಂದ ಕಟ್ಟಡದ ಕೂಲಿಗೆಂದು ಬಂದವರಂತೂ ಬಹಳ ಮಂದಿ. ಬಂದವರಲ್ಲಿ ಹಲವರು ಊರಿನಲ್ಲಿ ಎರಡೆಕರೆಯನ್ನೋ ನಾಲ್ಕೆಕರೆಯನ್ನೋ ಉಳಿಸಿಕೊಂಡು ಅದನ್ನು ಲಾವಣಿಗೆ ಕೊಟ್ಟಿರುತ್ತಾರೆ. ವರ್ಷಕ್ಕೊಮ್ಮೆ ಜಾತ್ರೆಗೋ ದೀಪಾವಳಿಗೋ ಹೋದಾಗ ಹೊಲದ ಬದುವಿನ ಮೇಲೆ ನಿಂತು ನೋಡಿ ಬರುವುದಷ್ಟೆ. ಹಾಗೆ ನಿಂತು ನೋಡುವಾಗ ಏನನ್ನು ನೋಡಬೇಕು ಎಂಬುದೇ ಈ ಲೇಖನದ ವಿಷಯ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕನ್ನಡನಾಡಿನ ಮೊದಲ ಅರಸುಮನೆತನದ ಮೊದಲ ದಾಖಲೆಗಳೇ ಕೆರೆಯ ಮಾತನ್ನು ಆಡುತ್ತವೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನದ ವಿಷಯ ಕೆರೆ. ತಾಳಗುಂದದ ಕಂಬದ ಮೇಲೆ ಕುಬ್ಜನೆಂಬ ಕವಿ ಬರೆದ ಐದನೆಯ ಶತಮಾನದ ಪ್ರಶಸ್ತಿ, ಕದಂಬರ ವಂಶಾವಳಿಯನ್ನೆಲ್ಲ ಹಾಡಿ, ಕೊನೆಗೆ ಬಂದು ನಿಲ್ಲುವುದು ಕಾಕುತ್ಸ್ಥವರ್ಮನು ದೇವಾಲಯದ ಮುಂದೆ ಕಟ್ಟಿಸಿದ ಕೆರೆಯ ಬಳಿಯಲ್ಲಿ. ಆಮೇಲೆ ಬಂದ ಗಂಗರು, ಚಾಲುಕ್ಯರು, ಹೊಯ್ಸಳರು, ವಿಜಯನಗರದವರು, ಪಾಳೆಯಗಾರರು, ಊರಗೌಡರು, ಕೆಲವೆಡೆ ದೇವದಾಸಿಯರೂ ಕೂಡ ಕೆರೆ ಕಟ್ಟಿಸಿದರು. ಕಟ್ಟಿಸಿದವನಿಗೂ ಅದನ್ನು ಕಾಪಾಡುವವನಿಗೂ ಕೆರೆಯ ಕೆಳಗೆ ಭೂಮಿ ಬಿಡುವ ಪದ್ಧತಿಯಿತ್ತು. ಕಟ್ಟುಕೊಡಗೆ, ಕೆರೆಕೊಡಗೆ, ದಶವಂದ ಮುಂತಾದ ಶಾಸನಗಳ ಮಾತುಗಳು ಅದನ್ನೇ ಹೇಳುತ್ತವೆ. ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿ ಸಾಹೇಬನು ೧೮೬೬ರಲ್ಲಿ ಈ ಕೆರೆಗಳ ಸರಪಣಿಯನ್ನು ಕಂಡು, ಇಷ್ಟು ದೊಡ್ಡ ಸೀಮೆಯಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಬಹಳ ಜಾಣತನ ಬೇಕಾದೀತು ಎಂಬ ಅರ್ಥದ ಮಾತನ್ನು ಬರೆದಿಟ್ಟನು. ಬೆಂಗಳೂರಿನಲ್ಲಿ ಅವನ ಹೆಸರಿನ ಕೆರೆಯೊಂದು ಇಂದಿಗೂ ಇದೆ. ಜಾಗವಿಲ್ಲವೆಂದವನೇ ಜಾಗ ಹುಡುಕಿದನೆನ್ನಬೇಕು!

ಇಷ್ಟೂ ನೀರು ತರುವ ಕಥೆ. ಇದು ನಮಗೆಲ್ಲ ಬಾಯಿಪಾಠ. ಆದರೆ ಹಳೆಯ ಕೆರೆಯ ವ್ಯವಸ್ಥೆಯಲ್ಲಿ ನೀರು ಹೋಗುವ ದಾರಿಯೂ ಅಷ್ಟೇ ಎಚ್ಚರಿಕೆಯಿಂದ ಕೂಡಿತ್ತು ಎಂಬುದು ನಮ್ಮ ಗಮನಕ್ಕೆ ಬರುವುದಿಲ್ಲ. ಮೈಸೂರು ಸೀಮೆಯ ಯಾವುದಾದರೂ ಹಳೆಯ ಕೆರೆಯ ಏರಿಯ ಮೇಲೆ ನಿಂತು ಕೆಳಗೆ ನೋಡಿರಿ. ಕೆರೆಯ ತೂಬಿನಿಂದ ಹೊರಟ ಕಾಲುವೆಗಳು ಅಚ್ಚುಕಟ್ಟಿನ ಎರಡು ಅಂಚುಗಳಲ್ಲಿ, ಎತ್ತರದ ಮಗ್ಗುಲನ್ನು ಹಿಡಿದು ಸಾಗುತ್ತವೆ. ನಟ್ಟನಡುವೆ, ಎಲ್ಲಕ್ಕಿಂತ ತಗ್ಗಿನಲ್ಲಿ, ಒಂದು ಹಳ್ಳ. ಕಾಲುವೆ ಕೊಡುತ್ತದೆ, ಹಳ್ಳ ತೆಗೆದುಕೊಳ್ಳುತ್ತದೆ. ಗದ್ದೆಯಿಂದ ಗದ್ದೆಗೆ ಇಳಿದು ಮಿಕ್ಕ ನೀರೂ, ಮಣ್ಣಿನೊಳಗಿಂದ ಜಿನುಗಿದ ಬಸಿನೀರೂ, ಕೋಡಿ ಬಿದ್ದಾಗ ಹರಿದ ನೀರೂ ಆ ಹಳ್ಳಕ್ಕೆ ಬಿದ್ದು ಕೆಳಗಿನ ಊರಿನ ಕೆರೆಯನ್ನು ಸೇರಬೇಕು. ಮೇಲಿನವರಿಗೆ ಬೇಡವಾದುದು ಕೆಳಗಿನವರಿಗೆ ಬೇಕಾದುದು. ತೂಬನ್ನು ಎತ್ತುವ, ಇಳಿಸುವ ಅಧಿಕಾರ ನೀರುಗಂಟಿಯದು. ಯಾವ ಮಡಿಗೆ ಎಷ್ಟು ಹೊತ್ತು ನೀರು ಎಂಬುದನ್ನು ನಿರ್ಣಯಿಸುವವನು ಅವನು. ಬೇಸಿಗೆಯಲ್ಲಿ ಕೆರೆ ಬತ್ತುತ್ತಿತ್ತು, ಅಚ್ಚುಕಟ್ಟೂ ಒಣಗುತ್ತಿತ್ತು, ರೈತರು ಕೆರೆಯ ಗೋಡುಮಣ್ಣನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಕೆರೆ ಬತ್ತುವುದನ್ನು ನಾವು ದುರ್ದೆಸೆಯೆಂದು ತಿಳಿಯುತ್ತೇವೆ. ಭೂಮಿಯ ದೃಷ್ಟಿಯಿಂದ ನೋಡಿದರೆ ಅದು ಉಸಿರಾಡುವ ಕಾಲ. ವರ್ಷದ ಕೆಲವು ತಿಂಗಳು ನೀರಿಲ್ಲದೆ ಇದ್ದುದರಿಂದಲೇ ನೆಲದೊಳಗಿನ ನೀರಿನ ಮಟ್ಟ ಮತ್ತೆ ಕೆಳಗಿಳಿಯುತ್ತಿತ್ತು.

ಇದನ್ನು ತಿಳಿದೇ ಮಾಡಿದರೋ ತಾನಾಗಿ ಆಯಿತೋ ಎಂದು ಕೇಳುವವರಿಗೆ ಒಂದು ಶಾಸನವನ್ನು ತೋರಿಸಬಹುದು. ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ಕೆರೆಯನ್ನು ಕಟ್ಟಿಸಿ ೧೩೬೯ರಲ್ಲಿ ಶಾಸನ ಹಾಕಿಸಿದನು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದರಲ್ಲಿ ಎಣಿಸಿದೆ. ಏರಿಯಿಂದ ನೀರು ಸೋರುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಇನ್ನೊಂದು; ಇದನ್ನು ಬರೆದವನಿಗೆ ಇಪ್ಪತ್ತನೆಯ ಶತಮಾನದ ಜಲವಿವಾದಗಳು ಕನಸಿನಲ್ಲಿ ಬಂದಿದ್ದುವೋ ಏನೋ. ನೀರು ಕಡಿಮೆ ಭೂಮಿ ಹೆಚ್ಚಾದರೆ ದೋಷ, ಭೂಮಿ ಕಡಿಮೆ ನೀರು ಹೆಚ್ಚಾದರೂ ದೋಷವೇ. ಉಪ್ಪುಮಣ್ಣು ಮತ್ತೊಂದು ದೋಷ. ಹೆಚ್ಚು ನೀರು ಮತ್ತು ಉಪ್ಪು, ಈ ಎರಡನ್ನೂ ಆರುನೂರೈವತ್ತು ವರ್ಷಗಳ ಹಿಂದೆಯೇ ಒಂದೇ ಪಟ್ಟಿಯಲ್ಲಿ ಬರೆದಿಟ್ಟಿದ್ದಾರೆ.

ಮಲೆನಾಡಿನವರಿಗೂ ಕರಾವಳಿಯವರಿಗೂ ಈ ಉಪದೇಶ ಬೇಕಾಗಿಲ್ಲ. ಶಿರಸಿ, ಸಾಗರದ ಅಡಿಕೆ ತೋಟಗಳಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೆಗೆಯದೆ ತೋಟ ಮಾಡಿದೆನೆಂದರೆ ನಗುತ್ತಾರೆ. ಬೇರಿಗೆ ನೀರು ನಿಂತರೆ ಮರ ಉಳಿಯದೆಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಕುಮಟೆಯ ಕಡೆ ಅಘನಾಶಿನಿ ಸಮುದ್ರ ಸೇರುವಲ್ಲಿ ಗಜನಿ ಎಂಬ ಭೂಮಿಯಿದೆ. ಭರತ ಬಂದಾಗ ಉಪ್ಪುನೀರು ಒಳನುಗ್ಗದಂತೆ ಮಣ್ಣಿನ ಒಡ್ಡು. ಇಳಿತದ ಹೊತ್ತಿಗೆ ಒಳಗಿನ ನೀರನ್ನು ಹೊರಗೆ ಬಿಡಲು ಹಲಗೆಯ ಬಾಗಿಲು. ಮಳೆಗಾಲದ ಸಿಹಿನೀರಿನಿಂದ ಮಣ್ಣಿನ ಉಪ್ಪನ್ನು ತೊಳೆದು ಹೊರಕ್ಕೆ ಕಳುಹಿ, ಅಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತ ಬಂದರು. ನೀರನ್ನು ಹೊರಗೆ ಕಳುಹುವುದೇ ಬೇಸಾಯದ ಮುಖ್ಯ ಕೆಲಸವಾದ ಇಂಥ ನೆಲ ಬಯಲುಸೀಮೆಯ ಇಂಜಿನಿಯರರಿಗೆ ಒಳ್ಳೆಯ ಶಾಲೆಯಾಗಬಹುದಿತ್ತು.

ಈಗ ನಮ್ಮ ಪುಣೆಗೆ ಬರೋಣ. ೧೮೭೬-೭೮ರ ಮಹಾಕ್ಷಾಮದ ಪೆಟ್ಟು ದಖ್ಖಣದ ಎಲ್ಲ ಕಡೆಗೂ ಬಿತ್ತು. ಆ ಬಳಿಕ ಬರಪೀಡಿತ ಸೀಮೆಯನ್ನು ಕಾಯಲೆಂದು ತೆಗೆದ ಕಾಲುವೆಗಳಲ್ಲಿ ೧೮೮೫ರ ಸುಮಾರಿಗೆ ಹರಿದ ನೀರಾ ಎಡದಂಡೆಯ ಕಾಲುವೆ ಒಂದು. ಬಾರಾಮತಿಯ ಕಡೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು ಇಪ್ಪತ್ತು ಅಂಗುಲ. ಅಂಥ ನೆಲಕ್ಕೆ ಬಾರಾತಿಂಗಳೂ ನೀರು ಬಂದರೆ ರೈತನು ಜೋಳವನ್ನೇಕೆ ಬಿತ್ತುತ್ತಾನೆ? ಕಬ್ಬನ್ನೇ ನೆಟ್ಟನು. ಕಾಲುವೆಯ ಮೇಲ್ತುದಿಯವರು ಬೇಕಾದಷ್ಟು ನೀರು ಹಾಯಿಸಿದರು. ಕೆಳತುದಿಯವರು ಒಣಗಿದರು. ಕೆಲವೇ ವರ್ಷಗಳಲ್ಲಿ ಮೇಲ್ತುದಿಯ ಕರಿಯ ಮಣ್ಣು ಜವಳಾಯಿತು, ಸವಳೆದ್ದಿತು, ಊರುಗಳಲ್ಲಿ ಸೊಳ್ಳೆ ಹೆಚ್ಚಿ ಚಳಿಜ್ವರ ಹಬ್ಬಿತು. ಬರದಿಂದ ಕಾಯಬೇಕಾದ ನೀರು ಭೂಮಿಯನ್ನೇ ಕೆಡಿಸಿತು.

೧೮೮೪ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದ್ದ ಮುದ್ದೇನಹಳ್ಳಿಯ ತರುಣ ಇಂಜಿನಿಯರ್ ವಿಶ್ವೇಶ್ವರಯ್ಯನವರು ಪುಣೆ ಜಿಲ್ಲೆಯ ಹೊಣೆ ಹೊತ್ತಾಗ ಇದನ್ನು ಕಂಡರು. ಪುಣೆಯ ಜನ ಅವರನ್ನು ನೆನೆಯುವುದು ಖಡಕ್ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳಿಗಾಗಿ. ೧೯೦೩ರಲ್ಲಿ ಅಲ್ಲಿ ಕೂಡಿಸಿದ ಆ ಬಾಗಿಲುಗಳು ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದಿಟ್ಟು, ಪ್ರವಾಹ ಬಂದಾಗ ತಾವೇ ತೆರೆದುಕೊಳ್ಳುವಂಥವು. (೧೯೬೧ರ ಜುಲೈ ೧೨ರಂದು ಪಾನಶೇತ ಒಡೆದು, ಅದರ ಪ್ರವಾಹಕ್ಕೆ ಖಡಕ್ವಾಸ್ಲಾವೂ ಒಡೆದು ಪುಣೆ ಮುಳುಗಿದ ಕಥೆಯನ್ನು ನಮ್ಮ ಹಿರಿಯರಿಂದ ಕೇಳದವರಿಲ್ಲ, ಅದು ಬೇರೆಯ ಅಧ್ಯಾಯ.) ಬಾಗಿಲುಗಳು ಕಣ್ಣಿಗೆ ಕಾಣುವ ವಸ್ತುಗಳಾದ್ದರಿಂದ ಪ್ರಸಿದ್ಧವಾದವು. ನಮ್ಮ ಎಣಿಕೆಯಲ್ಲಿ ಅವುಗಳಿಗಿಂತ ದೊಡ್ಡದು ಅವರು ಅದೇ ಕಾಲದಲ್ಲಿ ಹೊರಡಿಸಿದ ಬ್ಲಾಕ್ ಪದ್ಧತಿ. ಅದರಲ್ಲಿ ಯಂತ್ರವೇನೂ ಇಲ್ಲ. ಅಲ್ಲೊಂದು ಇಲ್ಲೊಂದು ಚದುರಿದ ಹೊಲಗಳಿಗೆ ಕೇಳಿದವರಿಗೆ ಕೇಳಿದಷ್ಟು ನೀರು ಬಿಡುವುದನ್ನು ನಿಲ್ಲಿಸಿ, ಕಾಲುವೆಯ ಕೆಳಗಿನ ಭೂಮಿಯನ್ನು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಇಷ್ಟೇ ನೀರೆಂದು ಗೊತ್ತುಮಾಡಿ, ಅದರಲ್ಲಿ ಮೂರರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬು, ಮಿಕ್ಕ ಎರಡು ಪಾಲಿಗೆ ಕಡಿಮೆ ನೀರಿನ ಬೆಳೆ, ವರ್ಷ ವರ್ಷಕ್ಕೂ ಪಾಲು ಬದಲಾವಣೆ. ಹೀಗೆ ಮಾಡಿದರೆ ಅದೇ ನೀರು ಹೆಚ್ಚು ಊರುಗಳಿಗೆ ಹಂಚಿಕೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ಹೊಲವೂ ಸತತವಾಗಿ ನೀರಿನಲ್ಲಿ ನೆನೆಯುತ್ತ ಕೂರುವುದಿಲ್ಲ. ರೈತರಿಗೆ ಮೊದಲು ಸಂಶಯವಿತ್ತು. ಕೈಗೆ ಬಂದ ನೀರನ್ನು ಸರಕಾರ ಕಿತ್ತುಕೊಳ್ಳುವ ಉಪಾಯ ಇದೆಂದು ಯಾರಿಗೆ ತಾನೆ ಅನಿಸದು?

ಜವಳಿನ ಪೀಡೆ ಅಷ್ಟರಿಂದಲೇ ತೀರಲಿಲ್ಲ. ೧೯೧೬ರಲ್ಲಿ ಮುಂಬಯಿ ಸರಕಾರವು ನೀರಾವರಿಯ ಸಮಸ್ಯೆಗಳನ್ನು ಶೋಧಿಸಲೆಂದೇ ಒಂದು ವಿಶೇಷ ವಿಭಾಗವನ್ನು ತೆರೆಯಿತು. ಮುಂದೆ ಅದೇ ಬೆಳೆದು ಖಡಕ್ವಾಸ್ಲಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾಲಯವಾಯಿತು. ನಮ್ಮವರು ಭಾನುವಾರ ಮಕ್ಕಳೊಡನೆ ಸಿಂಹಗಡಕ್ಕೆ ಹೋಗುವ ದಾರಿಯಲ್ಲಿ ಅದರ ಆವರಣ ಕಾಣುತ್ತದೆ. ದೊಡ್ಡ ಅಣೆಕಟ್ಟುಗಳ ಮಾದರಿಗಳನ್ನು ಕಟ್ಟಿ ಪರೀಕ್ಷಿಸುವ ಆ ಸಂಸ್ಥೆ ಹುಟ್ಟಿದುದು ಹೊಲದ ನೀರಿನ ಗೋಳಿನಿಂದ ಎಂಬುದನ್ನು ನೆನೆದರೆ ಸೋಜಿಗವೆನಿಸುತ್ತದೆ.

ಪುಣೆಯ ಪಾಠ ಮಂಡ್ಯಕ್ಕೆ ಹೋಯಿತು. ಕನ್ನಂಬಾಡಿಯ ಕಟ್ಟೆಯ ಕೆಲಸ ೧೯೧೧ರಲ್ಲಿ ಮೊದಲಾಗಿ ೧೯೩೨ರ ಹೊತ್ತಿಗೆ ಮುಗಿಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಹುಲಿಕೆರೆಯ ಸುರಂಗವನ್ನು ಕೊರೆದು ಇರ್ವಿನ್ ಕಾಲುವೆಯನ್ನು ಮಂಡ್ಯದ ಬಯಲಿಗೆ ತಂದರು. ಅದನ್ನೇ ಆಮೇಲೆ ವಿಶ್ವೇಶ್ವರಯ್ಯ ನಾಲೆ ಎಂದು ಕರೆದರು. ಅದಕ್ಕಿಂತ ಮೊದಲೂ ಕಾವೇರಿಗೆ ಅಣೆಗಳಿದ್ದುವು. ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳ ನೀರು ಶ್ರೀರಂಗಪಟ್ಟಣದ ಸುತ್ತಿನ ಗದ್ದೆಗಳಲ್ಲಿ ಶತಮಾನಗಳಿಂದ ಹರಿದಿತ್ತು. ಆದರೆ ಅವೆಲ್ಲ ಹೊಳೆಯ ಮಗ್ಗುಲಿನ ಕಾಲುವೆಗಳು. ಮಿಕ್ಕ ನೀರು ಹತ್ತು ಹೆಜ್ಜೆ ಇಳಿದರೆ ಮತ್ತೆ ಹೊಳೆ. ಇರ್ವಿನ್ ಕಾಲುವೆ ಹೊಳೆಯನ್ನು ಬಿಟ್ಟು ದೂರದ ರಾಗಿಯ ಹೊಲಗಳಿಗೆ ಹೊರಟಿತು. ಲಕ್ಷಕ್ಕೂ ಮೀರಿದ ಎಕರೆಗಳಿಗೆ ನೀರುಣಿಸಬೇಕಾದ ಆ ನಾಲೆಗೆ ವಿಶ್ವೇಶ್ವರಯ್ಯನವರು ಮತ್ತೆ ಬ್ಲಾಕ್ ಪದ್ಧತಿಯನ್ನೇ ಸೂಚಿಸಿದರು: ಒಂದು ಪಾಲು ಕಬ್ಬು, ಒಂದು ಪಾಲು ಭತ್ತ, ಇನ್ನೊಂದು ಪಾಲು ರಾಗಿಯಂಥ ಅರೆ ಖುಷ್ಕಿ ಬೆಳೆ, ಸರದಿಯಂತೆ ಬದಲಾವಣೆ. ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು; ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾದ ಡಾಕ್ಟರ್ ಕೋಲ್ಮನ್ನರ ಶ್ರಮ ಅದರ ಹಿಂದಿತ್ತು. ಮಂಡ್ಯ ಬೆಲ್ಲದ ಊರಾಯಿತು, ಸಕ್ಕರೆಯ ಊರಾಯಿತು. ಸರದಿ ಮಾತ್ರ ಕಾಲಕ್ರಮದಲ್ಲಿ ಸಡಿಲವಾಯಿತು. ರಾಗಿಯ ಪಾಲಿಗೂ ಭತ್ತ ಬಂದಿತು. ಭತ್ತಕ್ಕೂ ಕಬ್ಬಿಗೂ ಇರುವ ಬೆಲೆ ರಾಗಿಗೆ ಎಲ್ಲಿಂದ ಬರಬೇಕು? ನಾಲೆಯ ಕೊನೆಯ ಊರುಗಳವರು ನೀರಿಗಾಗಿ ರಸ್ತೆಗಿಳಿಯುವುದೂ, ತಲೆಯ ಊರುಗಳಲ್ಲಿ ತಗ್ಗಿನ ಗದ್ದೆ ಕರ್ಲು ಹಿಡಿಯುವುದೂ ಒಂದೇ ಕಾರಣದ ಎರಡು ಫಲಗಳು.

ಆದರೂ ಮಂಡ್ಯದ್ದು ಬಹುಮಟ್ಟಿಗೆ ಕೆಂಪು ಮಣ್ಣು, ಏರುತಗ್ಗಿನ ನೆಲ. ನೀರು ಹೇಗೋ ಬಸಿದು ಹೋಗುತ್ತದೆ. ನಿಜವಾದ ಪರೀಕ್ಷೆ ನಡೆದುದು ತುಂಗಭದ್ರೆಯ ಎರೆಭೂಮಿಯಲ್ಲಿ.

ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರ ಫೆಬ್ರವರಿ ೨೮ರಂದು ಒಂದು ದಂಡೆಯಲ್ಲಿ ಹೈದರಾಬಾದಿನ ಬೇರಾರ್ ರಾಜಕುಮಾರನೂ ಇನ್ನೊಂದು ದಂಡೆಯಲ್ಲಿ ಮದರಾಸಿನ ಗವರ್ನರನೂ ಅಡಿಗಲ್ಲು ಹಾಕಿದರು. ಎರಡು ದಂಡೆಗಳಲ್ಲಿಯೂ ಕನ್ನಡಿಗರು, ಆಳುವವರು ಇಬ್ಬರು. ೧೯೫೩ರಲ್ಲಿ ಕಾಲುವೆಗೆ ನೀರು ಬಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿಯ ಬಹುಭಾಗ ಮೈಸೂರನ್ನು ಸೇರಿತು. ರಾಯಚೂರು ಸೇರಿದುದು ೧೯೫೬ರ ನವೆಂಬರ್ ೧ರಂದು, ನಾವೀಗ ಹಬ್ಬವಾಗಿ ಆಚರಿಸುವ ದಿನ. ಎಡದಂಡೆಯ ಮುಖ್ಯ ಕಾಲುವೆಯ ಉದ್ದ ೨೨೭ ಕಿಲೋಮೀಟರು. ಯೋಜನೆ ಮಾಡಿದವರ ಉದ್ದೇಶ ಭತ್ತದ ಕಣಜವನ್ನು ಕಟ್ಟುವುದಾಗಿರಲಿಲ್ಲ. ಬರದ ಸೀಮೆಯಾದ್ದರಿಂದ ನೀರನ್ನು ತೆಳುವಾಗಿ ಬಹಳ ಭೂಮಿಗೆ ಹರಡಬೇಕು, ಜೋಳ, ಹತ್ತಿ, ಶೇಂಗಾ ಬೆಳೆಗಳಿಗೆ ಎರಡು ಮೂರು ಸಲ ನೀರು ಕೊಟ್ಟು ಕೈಹಿಡಿಯಬೇಕು ಎಂಬುದು ಅವರ ಲೆಕ್ಕ. ಹೆಚ್ಚು ನೀರೇ ಕೊಡದಿರುವಾಗ ಬಸಿಗಾಲುವೆಗೆ ಹಣವೇಕೆ? ಹಳ್ಳಕೊಳ್ಳಗಳೇ ಸಾಕೆಂದುಕೊಂಡರು.

ನಡೆದುದು ಬೇರೆ. ಕೃಷ್ಣಾ-ಗೋದಾವರಿ ಮುಖಜಭೂಮಿಯಿಂದ ಭತ್ತದ ಬೇಸಾಯವನ್ನು ಬಲ್ಲ ರೈತರು ಬಂದು ಗಂಗಾವತಿ, ಸಿಂಧನೂರಿನ ಕಡೆ ಭೂಮಿ ಕೊಂಡರು. ಅವರು ಬೀಡುಬಿಟ್ಟ ಕ್ಯಾಂಪುಗಳೇ ಊರುಗಳಾದವು. ಶ್ರಮಜೀವಿಗಳು, ಅವರನ್ನು ನೋಡಿ ಸ್ಥಳದವರೂ ಭತ್ತ ಹಾಕಿದರು. ಕಾಲುವೆಯ ತಲೆಯಲ್ಲಿ ವರ್ಷಕ್ಕೆ ಎರಡು ಬೆಳೆ. ಗಂಗಾವತಿಯ ಅಕ್ಕಿಯನ್ನು ಪುಣೆಯಲ್ಲಿರುವ ನಮ್ಮ ಮನೆಗಳಲ್ಲೂ ಉಂಡಿದ್ದೇವೆ, ಆದ್ದರಿಂದ ಯಾರನ್ನೂ ದೂರುವ ಬಾಯಿ ನಮಗಿಲ್ಲ. ಆದರೆ ಎರೆಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದು. ನಿಂತ ನೀರು ಇಂಗಿ, ನೆಲದೊಳಗಿನ ಮಟ್ಟ ಏರಿ ಏರಿ, ಮಾನ್ವಿ, ಸಿಂಧನೂರು, ಗಂಗಾವತಿಗಳ ತಗ್ಗಿನ ಹೊಲಗಳಲ್ಲಿ ಸವಳು ಕಾಣಿಸಿತು. ಈ ಅಚ್ಚುಕಟ್ಟಿನಲ್ಲಿ ಸವಳು-ಜವಳಾದ ಭೂಮಿ ಸುಮಾರು ೯೬ ಸಾವಿರ ಹೆಕ್ಟೇರೆಂದು ಅಚ್ಚುಕಟ್ಟು ಪ್ರದೇಶದ ವರದಿಗಳಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅತ್ತ ಕಾಲುವೆಯ ಬಾಲದ ರಾಯಚೂರು ತಾಲೂಕಿನ ಊರುಗಳಿಗೆ ನೀರು ಮುಟ್ಟುವುದೇ ಕಷ್ಟ. ತಲೆಯವನ ಹೊಲ ನೀರು ಹೆಚ್ಚಾಗಿ ಕೆಟ್ಟಿತು, ಬಾಲದವನ ಹೊಲ ನೀರಿಲ್ಲದೆ ಒಣಗಿತು. ಇಬ್ಬರ ಮಕ್ಕಳೂ ಪುಣೆಯ ಗಾಡಿ ಹತ್ತಿದರೆ ಆಶ್ಚರ್ಯವೇನು? ೨೦೨೪ರ ಆಗಸ್ಟಿನಲ್ಲಿ ಅಣೆಕಟ್ಟಿನ ೧೯ನೆಯ ಬಾಗಿಲು ಕೊಚ್ಚಿಹೋದಾಗ ದೇಶವೆಲ್ಲ ಗಾಬರಿಯಿಂದ ನೋಡಿತು. ಹೊಲದಡಿಯಲ್ಲಿ ವರ್ಷಕ್ಕೆ ಇಷ್ಟಿಷ್ಟು ಏರುವ ನೀರನ್ನು ನೋಡಲು ಯಾವ ಪತ್ರಿಕೆಯವರೂ ಬರುವುದಿಲ್ಲ.

ಸಿಹಿನೀರು ಹರಿಸಿದರೆ ಉಪ್ಪು ಎಲ್ಲಿಂದ ಬರುತ್ತದೆ ಎಂದು ನಮ್ಮ ತರುಣರು ಕೇಳುವುದುಂಟು. ನ್ಯಾಯವಾದ ಪ್ರಶ್ನೆ. ಬಾಯಿಗೆ ಸಿಹಿಯೆನಿಸುವ ನೀರಿನಲ್ಲೂ ಕರಗಿದ ಉಪ್ಪಿರುತ್ತದೆ. ಲೀಟರಿಗೆ ಕಾಲು ಗ್ರಾಂ ಇದೆಯೆಂದು ಇಟ್ಟುಕೊಳ್ಳೋಣ. ಅಂಥ ನೀರನ್ನು ನಾವು ನಿಶ್ಚಿಂತೆಯಿಂದ ಕುಡಿಯುತ್ತೇವೆ. ಒಂದು ಎಕರೆ ಭತ್ತಕ್ಕೆ ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಅದು ನಾಲ್ಕು ಸಾವಿರ ಘನ ಮೀಟರಿಗೂ ಸ್ವಲ್ಪ ಹೆಚ್ಚಾಯಿತು. ಅದರೊಡನೆ ಆ ಎಕರೆಗೆ ಬಂದ ಉಪ್ಪು ಹತ್ತು ಕ್ವಿಂಟಲು. ಪೈರು ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಎಳೆಯುತ್ತದೆ, ಉಪ್ಪನ್ನು ಇಬ್ಬರೂ ಹೆಚ್ಚುಕಡಮೆ ಬಿಟ್ಟೇ ಹೋಗುತ್ತಾರೆ. ಬಸಿಯುವ ದಾರಿಯಿದ್ದರೆ ಮಿಕ್ಕ ನೀರು ಆ ಉಪ್ಪನ್ನು ಹೊತ್ತು ಹಳ್ಳಕ್ಕೆ ಹೋಗುತ್ತದೆ. ದಾರಿಯಿಲ್ಲದಿದ್ದರೆ ಕೆಳಗೆ ನಿಲ್ಲುತ್ತದೆ. ನಿಂತ ನೀರು ಮೇಲಿನಿಂದ ನಾಲ್ಕೈದು ಅಡಿಯೊಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಮಣ್ಣು ಅದನ್ನು ಮೇಲಕ್ಕೆ ಏರಿಸುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಹೊಲದ ಮೈಮೇಲೆ ಬೆಳ್ಳಗೆ ಕೂರುತ್ತದೆ.

ಈ ಬಿಳಿ ಸವಳಿಗೆ ಮದ್ದು ನೀರೇ. ಆಳವಾದ ಬಸಿಗಾಲುವೆ ತೆಗೆದು, ಒಳ್ಳೆಯ ನೀರು ನಿಲ್ಲಿಸಿ ತೊಳೆಯಬೇಕು. ಬಸಿಗಾಲುವೆಯಿಲ್ಲದೆ ತೊಳೆದರೆ ರೋಗಕ್ಕೆ ರೋಗವನ್ನೇ ಕೊಟ್ಟಂತೆ. ಕರ್ಲಿನ ಸ್ವಭಾವ ಇನ್ನೊಂದು ಬಗೆ: ಸೋಡಿಯಂ ಅಂಶ ಹೆಚ್ಚಿ ಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಕಲ್ಲಾಗಿ, ನೀರನ್ನೇ ಒಳಕ್ಕೆ ಬಿಡದು. ಅದಕ್ಕೆ ಮೊದಲು ಜಿಪ್ಸಮ್ ಹಾಕಬೇಕು, ಆಮೇಲೆ ತೊಳೆಯಬೇಕು. ಡಯಾಂಚ ಬೆಳೆದು ಹೂಬಿಡುವ ಹೊತ್ತಿಗೆ ಉತ್ತು ಸೇರಿಸಬೇಕು. ಯಾವುದು ಯಾವುದೆಂದು ಕಣ್ಣಳತೆಯಿಂದ ನಿರ್ಣಯಿಸದೆ ಮಣ್ಣು ಪರೀಕ್ಷೆ ಮಾಡಿಸುವುದು ಲೇಸು. ತೂತುಗಳುಳ್ಳ ಕೊಳವೆಗಳನ್ನು ಮೂರು ನಾಲ್ಕು ಅಡಿ ಆಳದಲ್ಲಿ ಸಾಲಾಗಿ ಹೂಳಿ ನೀರನ್ನು ನೆಲದೊಳಗಿಂದಲೇ ಸೆಳೆಯುವ ವಿಧಾನವೂ ಬಂದಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ವಿಷಯವಾಗಿಯೇ ಬಹುಕಾಲದಿಂದ ಪ್ರಯೋಗ ನಡೆದಿದೆ. ನಮ್ಮ ನೆರೆಯ ಸಾಂಗಲಿ, ಶಿರೋಳದ ಕಬ್ಬಿನ ರೈತರೂ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಕೃಷ್ಣೆಯ ದಂಡೆಯವರೂ ಈ ಕೊಳವೆಗಳನ್ನು ಹಾಕಿಸಿ ಕೆಟ್ಟ ಹೊಲವನ್ನು ಮರಳಿ ಪಡೆದಿದ್ದಾರೆ.

ಒಂದು ತೊಡಕು ಮಾತ್ರ ಎಲ್ಲ ವಿಧಾನಗಳಿಗೂ ಸಮಾನ. ಬಾವಿಯನ್ನು ಒಬ್ಬನೇ ತೋಡಬಹುದು. ಬಸಿಗಾಲುವೆಯನ್ನು ಒಬ್ಬನೇ ತೋಡಲಾಗದು. ನನ್ನ ಹೊಲದ ನೀರು ನಿನ್ನ ಹೊಲವನ್ನು ದಾಟಿ ಹಳ್ಳಕ್ಕೆ ಹೋಗಬೇಕು; ನೀನು ಹಳ್ಳವನ್ನು ಒತ್ತಿ ಉತ್ತಿದ್ದರೆ ನನ್ನ ಕಾಲುವೆ ಎಲ್ಲಿಗೆ ಹೋಗಬೇಕು? ನಮ್ಮಂತೆ ಪರಊರಿನಲ್ಲಿರುವವರ ಹೊಲಗಳು ಇಲ್ಲಿಯೇ ಸಿಕ್ಕಿಕೊಳ್ಳುವುದು. ಲಾವಣಿಗೆ ಮಾಡುವವನಿಗೆ ಈ ವರ್ಷದ ಬೆಳೆ ಮುಖ್ಯ. ಹತ್ತು ವರ್ಷದ ಮೇಲಿನ ಸವಳು ಅವನ ಚಿಂತೆಯಲ್ಲ. ಅವನನ್ನು ತಪ್ಪೆನ್ನಲಾಗದು. ಭೂಮಿಯ ಒಡೆಯರೇ ನೋಡಬೇಕು.

ಈ ಸಲ ಊರಿಗೆ ಹೋದಾಗ ಹೊಲದ ಎಲ್ಲಕ್ಕೂ ತಗ್ಗಾದ ಮೂಲೆಯಲ್ಲಿ ಐದಡಿ ಆಳದ ಒಂದು ಗುಂಡಿ ತೋಡಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಅದರಲ್ಲಿ ನೀರು ಎಷ್ಟು ಮೇಲಿದೆಯೆಂದು ಕೋಲಿಟ್ಟು ಅಳೆಯಬಹುದು. ಮಾಘ ಫಾಲ್ಗುಣದಲ್ಲಿ ಹೋದವರು ಬದುವಿನ ಮಗ್ಗುಲಲ್ಲಿ ಬಿಳಿ ಹೊರೆ ಕಟ್ಟಿದೆಯೇ, ಬೆಳೆ ತೇಪೆ ತೇಪೆಯಾಗಿ ಬಂದಿದೆಯೇ ನೋಡಲಿ. ಉಪ್ಪು ಕಣ್ಣಿಗೆ ಬೀಳುವುದು ಮಳೆ ನಿಂತು ಬಿಸಿಲು ಏರಿದ ಮೇಲೆ. ಹಳ್ಳವೆಲ್ಲಿತ್ತೆಂದು ಊರಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈತೋರಿಸಬಹುದು. ಭೂಮಾಪನ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳ್ಳದ ಗೆರೆಯನ್ನು ಎಳೆದಿರುತ್ತಾರೆ, ಅದರ ನೆಲವನ್ನು ಖರಾಬೆಂದು ಬೇರೆ ತೋರಿಸಿರುತ್ತಾರೆ, ಮತ್ತು ಆ ನಕ್ಷೆಯ ಪ್ರತಿಯನ್ನು ಯಾರು ಬೇಕಾದರೂ ಪಡೆಯಬಹುದು.